ಪತ್ರೆ ಗಿಡಕ್ಕೆ ಹೋದ ಬೆಳ್ಳಿ ನೀರು

ನನಗೆ ಮೊದಲ ಕೆಲಸ ಕೊಡಿಸಿದ್ದು ನನ್ನ ಅಂಕಪಟ್ಟಿಯಲ್ಲ, ಸರ್ಕಾರದ ಒಂದು ಫಾರಂ. ಎಪ್ಪತ್ತರ ದಶಕದ ನಡುವಿನ ಮಾತು. ಕಾರ್ಖಾನೆಗಳ ಕೊಳಕು ನೀರಿನ ಬಗ್ಗೆ ಹೊಸದಾಗಿ ಕಾನೂನು ಬಂದಿತ್ತು. ರಾಜಾಜಿನಗರದಲ್ಲಿ ಮನೆಯ ಹಿಂದೆಯೇ ಶೆಡ್ ಹಾಕಿಕೊಂಡು ಹಿತ್ತಾಳೆ ಸಾಮಾನಿಗೆ ಬೆಳ್ಳಿ ಲೇಪ ಕೊಡುತ್ತಿದ್ದ ಯಜಮಾನರೊಬ್ಬರ ಕೈಗೆ ಆ ಫಾರಂ ಬಂದಿತ್ತು. ಅದರ ಇಂಗ್ಲಿಷು ನೋಡಿಯೇ ಅವರಿಗೆ ತಲೆ ಕೆಟ್ಟು, ಕೆಮಿಸ್ಟ್ರಿ ಓದಿದವರು ಬೇಕಾಗಿದ್ದಾರೆ ಎಂದು ಗೇಟಿಗೆ ಬೋರ್ಡು ತಗುಲಿಸಿದ್ದರು. ನಾನು ಬಿ.ಎಸ್ಸಿ. ಮುಗಿಸಿ ಎಂಟು ತಿಂಗಳಿಂದ ಹೇರೋಹಳ್ಳಿಯ ಮನೆಯಲ್ಲಿ ಕೂತು, ಅಪ್ಪನ ಜೊತೆ ರಾಗಿ ಹೊಲದ ವಿಷಯಕ್ಕೂ ಅಮ್ಮನ ಜೊತೆ ಮದುವೆಯ ವಿಷಯಕ್ಕೂ ಜಗಳ ಆಡುತ್ತಿದ್ದೆ. ಒಂದು ದಿನ ಬಸ್ಸಿನ ಕಿಟಕಿಯಿಂದ ಆ ಬೋರ್ಡು ಕಂಡಿತು. ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ.

ಯಜಮಾನರು ನಲವತ್ತೈದರ ಆಸುಪಾಸಿನವರು, ದಾವಣಗೆರೆ ಕಡೆಯಿಂದ ಬಂದು ನೆಲೆಸಿದವರು. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಯಾವ ಮಾತಿಗೂ ಮೊದಲು ಒಂದು ನಿಟ್ಟುಸಿರು.

"ಹೆಣ್ಮಕ್ಕಳು ಈ ಕೆಲ್ಸ ಮಾಡಿದ್ದು ನಾನು ನೋಡಿಲ್ಲಮ್ಮ. ಆಸಿಡ್ ವಾಸನೆ ತಡ್ಕೊಳ್ತೀಯಾ?" ಎಂದು ಕೇಳಿದರು.

"ನಮ್ಮನೇಲಿ ಆರು ಎಮ್ಮೆ ಇದಾವೆ ಸಾರ್" ಎಂದೆ.

ಅವರು ನಕ್ಕರು. ಇಂಟರ್‌ವ್ಯೂ ಅಲ್ಲಿಗೆ ಮುಗಿಯಿತು.

ಶೆಡ್ಡಿನಲ್ಲಿ ಸಾಲಾಗಿ ನಾಲ್ಕು ತೊಟ್ಟಿಗಳಿದ್ದವು. ಮೊದಲನೆಯದರಲ್ಲಿ ಆಸಿಡ್, ಹಿತ್ತಾಳೆಯ ಕಿಲುಬು ತೆಗೆಯಲು. ಎರಡನೆಯದು ತೊಳೆಯುವ ನೀರು. ಮೂರನೆಯದರಲ್ಲಿ ಕರೆಂಟು ಹರಿಸಿ ಬೆಳ್ಳಿ ಹತ್ತಿಸುತ್ತಿದ್ದರು. ನಾಲ್ಕನೆಯದು ಮತ್ತೆ ತೊಳೆಯುವ ನೀರು. ಮೂರನೆಯ ತೊಟ್ಟಿಯಲ್ಲಿದ್ದದ್ದನ್ನು ಎಲ್ಲರೂ ಬೆಳ್ಳಿ ನೀರು ಎಂದು ಮುದ್ದಾಗಿ ಕರೆಯುತ್ತಿದ್ದರು. ಅದರಲ್ಲಿ ಬೆಳ್ಳಿಯ ಜೊತೆಗೆ ಸಯನೈಡ್ ಇತ್ತು. ನಾನು ಆ ಹೆಸರೆತ್ತಿದರೆ ಲೇಪದ ಕೆಲಸ ನೋಡಿಕೊಳ್ಳುತ್ತಿದ್ದ ಮೇಸ್ತ್ರಿಗೆ ನಗು. "ಇಪ್ಪತ್ತು ವರ್ಷದಿಂದ ಕೈ ಅದ್ದುತಾ ಇದೀನಿ ಕಣಮ್ಮ, ಏನಾಗೈತೆ ನಂಗೆ?" ಎಂದು ಎರಡೂ ಕೈ ಚಾಚಿ ತೋರಿಸುತ್ತಿದ್ದ. ಉಗುರುಗಳೆಲ್ಲ ಇದ್ದಿಲಿನಷ್ಟು ಕಪ್ಪಾಗಿದ್ದವು. ನಾನು ಪದವಿ ಪತ್ರವನ್ನು ಕಟ್ಟು ಹಾಕಿಸಿ ಇಟ್ಟುಕೊಂಡ ಹಾಗೆ ಅವನು ಆ ಉಗುರುಗಳನ್ನು ಇಟ್ಟುಕೊಂಡಿದ್ದ.

ಕುಂಕುಮದ ಬಟ್ಟಲು, ದೀಪ, ತಟ್ಟೆ ಎಲ್ಲ ಲೇಪಕ್ಕೆ ಬರುತ್ತಿದ್ದವು. ಆದರೆ ಯಜಮಾನರಿಗೆ ಪ್ರಾಣವಾಗಿದ್ದದ್ದು ಕರಡಿಗೆಗಳು. ಇಷ್ಟಲಿಂಗವನ್ನು ಒಳಗಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಪುಟ್ಟ ಭರಣಿ ಅದು. ಅಪ್ಪಟ ಬೆಳ್ಳಿಯದು ಕೊಳ್ಳಲಾಗದವರಿಗೆ ಹಿತ್ತಾಳೆಯದಕ್ಕೆ ಬೆಳ್ಳಿ ಹತ್ತಿಸಿ ಕೊಡುತ್ತಿದ್ದರು. ಕರಡಿಗೆ ಕೆಲಸದ ದಿನ ಅವರು ಸ್ನಾನ ಮಾಡಿ, ಚಪ್ಪಲಿ ಹೊರಗೆ ಬಿಟ್ಟು ಶೆಡ್ಡಿಗೆ ಬರುತ್ತಿದ್ದರು. ಆಸಿಡ್ ಚೆಲ್ಲಿದ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವ ಮನುಷ್ಯನನ್ನು ನೋಡಿ ನನಗೆ ಮೈ ಉರಿಯುತ್ತಿತ್ತು.

ಮೂರನೆಯ ದಿನ ಫಾರಂ ತುಂಬಲು ಕೂತೆವು. ನಾನು ಪ್ರಶ್ನೆ ಓದಿ ಕನ್ನಡದಲ್ಲಿ ಹೇಳುವುದು, ಅವರು ನಿಟ್ಟುಸಿರು ಬಿಟ್ಟು ಉತ್ತರ ಕೊಡುವುದು. ಕೆಲಸ ಮುಗಿದ ನೀರನ್ನು ಎಲ್ಲಿಗೆ ಬಿಡುತ್ತೀರಿ ಎಂಬ ಪ್ರಶ್ನೆ ಬಂತು.

"ಚರಂಡಿಗೆ ಅಂತ ಬರಿ. ಈ ರೋಡಲ್ಲಿ ಎಲ್ಲರೂ ಅಲ್ಲಿಗೇ ಬಿಡೋದು. ಆದ್ರೆ ಕರಡಿಗೆ ತೊಳೆದ ನೀರು ಮಾತ್ರ ನಾವು ಚರಂಡಿಗೆ ಬಿಡಲ್ಲ. ಅದನ್ನೂ ಬರಿ, ಗೊತ್ತಾಗ್ಲಿ ಅವರಿಗೆ."

ನನಗೆ ಸಂತೋಷವಾಯಿತು. "ಮತ್ತೆ ಅದನ್ನ ಏನ್ ಮಾಡ್ತೀರಿ ಸಾರ್?"

"ನಾಳೆ ಲಿಂಗ ಕೂರೋ ಜಾಗ ತೊಳೆದ ನೀರಮ್ಮ ಅದು. ಜನ ತುಳಿಯೋ ಕಡೆ ಚೆಲ್ಲೋಕಾಗುತ್ತಾ? ಒಂದು ಬಕೆಟ್ಟಿಗೆ ಹಿಡಿದು ಹಿತ್ತಲಲ್ಲಿರೋ ಪತ್ರೆ ಗಿಡದ ಬುಡಕ್ಕೆ ಹಾಕ್ತೀನಿ. ನಾನೇ, ಕೈಯಾರೆ."

ಪೆನ್ನು ಅಲ್ಲೇ ನಿಂತಿತು. ನಾನು ಎದ್ದು ಹಿತ್ತಲಿಗೆ ಹೋದೆ.

ಬಿಲ್ವಪತ್ರೆಯ ಗಿಡ ಆಳೆತ್ತರ ಮೀರಿ ಬೆಳೆದಿತ್ತು, ಆದರೆ ತುದಿಯೆಲ್ಲ ಬೋಳು. ಉಳಿದ ಎಲೆಗಳ ಅಂಚು ಸುಟ್ಟಂತೆ ಕಂದಾಗಿತ್ತು. ನಾನು ಹೊಲದಲ್ಲಿ ಬೆಳೆದವಳು. ನೀರಿಲ್ಲದೆ ಒಣಗುವ ಗಿಡ ಹೇಗಿರುತ್ತದೆ, ಬೇರು ಬೆಂದ ಗಿಡ ಹೇಗಿರುತ್ತದೆ ಎಂದು ಹೇಳಲು ನನಗೆ ಬಿ.ಎಸ್ಸಿ. ಬೇಕಿರಲಿಲ್ಲ. ಹಿಂದೆಯೇ ಬಂದ ಯಜಮಾನರು ಬೇಸರದಿಂದ, "ಯಾರ ಕಣ್ಣು ಬಿತ್ತೋ ಕಾಣೆ. ಅದಕ್ಕೇ ಹೋದ ತಿಂಗಳಿಂದ ಎರಡೆರಡು ಬಕೆಟ್ ಹಾಕ್ತಿದೀನಿ" ಎಂದರು.

ಅದಕ್ಕಿಂತ ದೊಡ್ಡ ಸಂಗತಿ ಆಗಷ್ಟೇ ನನ್ನ ಕಣ್ಣಿಗೆ ಬಿತ್ತು. ಗಿಡದಿಂದ ಎಂಟು ಹೆಜ್ಜೆ ದೂರದಲ್ಲಿ ಬಾವಿ. ಬಾವಿಕಟ್ಟೆಯ ಮೇಲೆ ನಿಂತು ಯಜಮಾನರ ತಾಯಿ ನೀರು ಸೇದುತ್ತಿದ್ದರು.

ಅಜ್ಜಿಗೆ ಎಪ್ಪತ್ತರ ಹತ್ತಿರ. ಸಣ್ಣ ಮೈ, ದೊಡ್ಡ ದನಿ. ರಾಜಾಜಿನಗರಕ್ಕೆ ನಲ್ಲಿ ನೀರು ಬಂದು ಎಷ್ಟೋ ಕಾಲವಾಗಿದ್ದರೂ ಅವರು ಅದನ್ನು ಕುಡಿದವರಲ್ಲ. ನಲ್ಲಿಯೊಳಗೆ ಚರ್ಮದ ವಾಷರ್ ಇರುತ್ತದೆಂದು ಯಾರೋ ಹೇಳಿದ್ದರು. ಚರ್ಮ ದಾಟಿ ಬಂದ ನೀರು ಲಿಂಗಪೂಜೆಗೂ ಬೇಡ, ತನ್ನ ಗಂಟಲಿಗೂ ಬೇಡ ಎಂದು ತೀರ್ಮಾನಿಸಿದ್ದರು. ಮನೆಯ ಮಿಕ್ಕವರೆಲ್ಲ ನಲ್ಲಿ ನೀರು ಕುಡಿಯುತ್ತಿದ್ದರು. ಬಾವಿಯ ನೀರು ಅಜ್ಜಿಯೊಬ್ಬರಿಗೇ ಮೀಸಲು. ಕೆಲಸಕ್ಕೆ ಸೇರಿದ ದಿನದಿಂದ ಮಧ್ಯಾಹ್ನ ನನಗೊಂದು ಲೋಟ ಮಜ್ಜಿಗೆ ಬರುತ್ತಿತ್ತು, ಅಜ್ಜಿಯೇ ಕಡೆದದ್ದು. ಅದರಲ್ಲಿ ಯಾವ ನೀರಿತ್ತು ಎಂಬುದು ಈಗ ಹೊಳೆಯಿತು.

ಕಾಲೇಜಿನಲ್ಲಿ ಕಲಿತ ಒಂದು ಪರೀಕ್ಷೆ ಗೊತ್ತಿತ್ತು. ನೀರಿಗೆ ಅನ್ನಭೇದಿ ಎಂಬ ಕಬ್ಬಿಣದ ಉಪ್ಪು ಹಾಕಿ ಕಾಯಿಸಿ, ಆಮೇಲೆ ನಾಲ್ಕು ಹನಿ ಆಸಿಡ್ ಬಿಡಬೇಕು. ಸಯನೈಡ್ ಇದ್ದರೆ ನೀಲಿ ಬರುತ್ತದೆ. ಗಿಡದ ಬುಡದ ಮಣ್ಣು ಕದಡಿದ ನೀರನ್ನು ಪರೀಕ್ಷೆ ಮಾಡಿದೆ. ಬಿಳಿ ಪಂಚೆಗೆ ಹಾಕುವ ನೀಲಿಯಂಥ ನೀಲಿ ಬಂತು. ಬಾವಿಯ ನೀರಿಗೆ ಮಾಡಿದೆ. ಅದು ನೀಲಿಯೋ ಹಸಿರೋ, ನನ್ನ ಹೆದರಿಕೆಯೋ, ಎಷ್ಟು ಸಲ ಬೆಳಕಿಗೆ ಹಿಡಿದರೂ ಗೊತ್ತಾಗಲಿಲ್ಲ. ಇದೆ ಎನ್ನಲು ಧೈರ್ಯವಿಲ್ಲ, ಇಲ್ಲ ಎನ್ನಲು ಅದಕ್ಕಿಂತ ಧೈರ್ಯವಿಲ್ಲ.

ಯಜಮಾನರಿಗೆ ಎರಡೂ ಗಾಜಿನ ನಳಿಕೆ ತೋರಿಸಿ ಹೇಳಿದೆ. ಅವರು ನಿಟ್ಟುಸಿರು ಬಿಡಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತರು. "ನಮ್ಮವ್ವನಿಗೆ ನಾನೇ…" ಎಂದು ಅರ್ಧಕ್ಕೆ ನಿಲ್ಲಿಸಿದರು. ಆ ಮುಖ ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

"ಬಾವಿ ನೀರು ಈಗ್ಲಿಂದ್ಲೇ ನಿಲ್ಲಿಸ್ಬೇಕು ಸಾರ್. ಹೋಗಿ ಹೇಳಿ."

"ನೀನೇ ಹೇಳಮ್ಮ. ಓದಿದೋಳು. ಆದ್ರೆ ಗಿಡಕ್ಕೆ ಯಾರು ಹಾಕಿದ್ದು ಅಂತ ಮಾತ್ರ ಬೇಡ. ಅಷ್ಟು ಮಾಡು."

ಹೀಗೆ ನಾನು ಕೆಲಸಕ್ಕೆ ಸೇರಿದ ಮೂರನೆಯ ದಿನವೇ ಯಜಮಾನರ ತಾಯಿಯ ಮುಂದೆ ನಿಂತು, ನೀವು ಕುಡಿಯುವ ನೀರಿನಲ್ಲಿ ವಿಷ ಇರಬಹುದು ಎಂದು ಹೇಳಬೇಕಾಯಿತು. ಅಜ್ಜಿ ಅವರೆಕಾಯಿ ಸುಲಿಯುತ್ತಾ ಪೂರ್ತಿ ಕೇಳಿಸಿಕೊಂಡರು. ಕೇಳಿದ್ದು ಒಂದೇ ಪ್ರಶ್ನೆ.

"ಯಾರು ಸುರಿದ್ರು?"

"ಶೆಡ್ಡಿನ ನೀರು ಅಜ್ಜಿ, ಗಿಡದ ಹತ್ರ ಇಳಿದಿದೆ" ಎಂದೆ. ಸುಳ್ಳಲ್ಲ, ಆದರೆ ಉತ್ತರವೂ ಅಲ್ಲ. ಅಜ್ಜಿ ನನ್ನ ಮುಖವನ್ನೇ ನೋಡಿ, "ಆ ಮೇಸ್ತ್ರಿದೇ ಕೆಲ್ಸ ಇರ್ಬೇಕು" ಎಂದು ಜೋರಾಗಿ ಹೇಳಿದರು. ನಾನು ಬಾಯಿ ತೆರೆಯಲಿಲ್ಲ. ಅದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಇನ್ನು ಕುಡಿಯುವುದೇನು? ನಲ್ಲಿ ನೀರು ಬೇಡವೇ ಬೇಡ. ಬೇಕಾದರೆ ಎಳನೀರು ಕುಡಿದು ಬದುಕುತ್ತೇನೆ ಎಂದು ಹಟ ಹಿಡಿದರು. ಎಳನೀರಲ್ಲಿ ಮುದ್ದೆ ಮಾಡೋದು ಹೇಗೆ ಎಂದು ನಾನು ಕೇಳಿದ್ದಕ್ಕೆ, ತಾವು ಜೋಳದ ರೊಟ್ಟಿಯವರು, ಮುದ್ದೆಯವರಲ್ಲ ಎಂದು ಗದರಿಸಿದರು. ಕೊನೆಗೆ ನಮ್ಮ ಹೊಲದ ಬಾವಿಯ ನೀರು ತಂದುಕೊಡುತ್ತೇನೆ ಎಂದೆ.

"ನಿಮ್ಮನೇಲಿ ಮಾಂಸ ಮಾಡ್ತೀರೇನು?"

"ಮಾಡ್ತೀವಿ ಅಜ್ಜಿ. ಬಾವೀಲಿ ಮಾಡಲ್ಲ."

ಅಜ್ಜಿ ಸುಲಿಯುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಮೊರ ಅಲುಗಾಡುವಷ್ಟು ನಕ್ಕರು. "ಬಿಂದಿಗೆ ನಮ್ದು ಕೊಡ್ತೀನಿ. ಸೇದೋಳು ನೀನೇ ಆಗ್ಬೇಕು, ಮಡಿ ಸೀರೆ ಉಟ್ಕೊಂಡು" ಎಂದರು.

ಮಾರನೆಯ ದಿನದಿಂದ ಮಾಗಡಿ ರಸ್ತೆಯ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಬಿಂದಿಗೆಯದು. ಬಾಯಿಗೆ ಒಗೆದ ಬಟ್ಟೆ ಕಟ್ಟಿ, ಮಗುವಿನ ಹಾಗೆ ತಬ್ಬಿಕೊಂಡು ಕೂರುತ್ತಿದ್ದೆ. ಕಂಡಕ್ಟರನಿಗೆ ದಿನವೂ ಇದೇ ಚರ್ಚೆ. "ಅಲ್ಲ ಕಣಮ್ಮ, ಹಳ್ಳಿಯವರು ಸಿಟಿಗೆ ಹಾಲು ತಗೊಂಡ್ಹೋಗ್ತಾರೆ, ಸೊಪ್ಪು ತಗೊಂಡ್ಹೋಗ್ತಾರೆ. ನೀನು ನೀರು ಹೊತ್ಕೊಂಡ್ ಹೋಗ್ತೀಯಲ್ಲ, ಸಿಟಿಯೋರು ಹಾಲಿಗೆ ಬೆರೆಸೋಕೆ ಆರ್ಡರ್ ಕೊಟ್ಟಿದಾರಾ?" ಬಸ್ಸಿಗೆ ಬಸ್ಸೇ ನಗುತ್ತಿತ್ತು. ಬ್ರೇಕು ಹಾಕಿದಾಗೆಲ್ಲ ನನ್ನ ಸೀರೆ ಒದ್ದೆಯಾಗುತ್ತಿತ್ತು. ಅಮ್ಮನಿಗೆ ಮಾತ್ರ ಬಹಳ ಖುಷಿ. ಮಗಳು ಕೊನೆಗೂ ನೀರು ಹೊರುವುದು ಕಲಿತಳು ಎಂದು ಊರೆಲ್ಲ ಹೇಳಿಕೊಂಡು ಬಂದಳು.

ಶೆಡ್ಡಿನಲ್ಲಿ ನಿಜವಾದ ಕೆಲಸ ಆಗ ಶುರುವಾಯಿತು. ಬೆಳ್ಳಿ ತೊಟ್ಟಿಯ ಪಕ್ಕ ಇನ್ನೊಂದು ಸಣ್ಣ ತೊಟ್ಟಿ ಇಡಿಸಿದೆ. ಲೇಪ ಹತ್ತಿದ ಸಾಮಾನನ್ನು ಮೊದಲು ಅದರಲ್ಲಿ ಅದ್ದಿ ತೆಗೆಯಬೇಕು. ಬೆಳ್ಳಿ ತೊಟ್ಟಿ ದಿನವೂ ಸ್ವಲ್ಪ ಆರಿ ಇಳಿಯುತ್ತಿತ್ತು, ಆ ಕೊರತೆಗೆ ಈ ಸಣ್ಣ ತೊಟ್ಟಿಯ ನೀರನ್ನೇ ತುಂಬುವುದು. ಅಲ್ಲಿಗೆ ಮುಕ್ಕಾಲು ವಿಷ ಹೊರಗೆ ಹೋಗುವುದೇ ನಿಂತಿತು. ಉಳಿದ ತೊಳೆದ ನೀರಿಗೆ ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿದೆವು. ಅದಕ್ಕೆ ಮೊದಲು ಸುಣ್ಣ, ಆಮೇಲೆ ಬ್ಲೀಚಿಂಗ್ ಪೌಡರ್, ಮರದ ಕೋಲಿನಿಂದ ಚೆನ್ನಾಗಿ ಕದಡಿ ಒಂದು ದಿನ ಬಿಡುವುದು. ಪರೀಕ್ಷೆಯಲ್ಲಿ ನೀಲಿ ಬಾರದಿದ್ದರೆ ಮಾತ್ರ ಆಚೆ. ಆಸಿಡ್ ತೊಟ್ಟಿಯ ನೀರು ಅದರ ಹತ್ತಿರವೂ ಸುಳಿಯಬಾರದು, ಎರಡೂ ಸೇರಿದರೆ ಏಳುವ ಗಾಳಿ ಶೆಡ್ಡಿನಲ್ಲಿ ಯಾರನ್ನೂ ಉಳಿಸುವುದಿಲ್ಲ ಎಂದು ಮೇಸ್ತ್ರಿಗೆ ಬಿಡಿಸಿ ಹೇಳಿದೆ. ಅದುವರೆಗೂ ಎರಡೂ ಒಂದೇ ಚರಂಡಿಯಲ್ಲಿ ಹರಿಯುತ್ತಿದ್ದವು. ಅವನ ನಗು ಅಂದು ನಿಂತಿತು.

ತಳದಲ್ಲಿ ಕೂರುವ ಗಸಿಯನ್ನೂ ಗಿಡದ ಬುಡದಿಂದ ಅಗೆದ ಮಣ್ಣನ್ನೂ ಮುಚ್ಚಳದ ಡ್ರಮ್ಮುಗಳಲ್ಲಿ ತುಂಬಿಸಿದೆ. ಅದನ್ನು ಎಲ್ಲಿಗೆ ಕೊಡಬೇಕೆಂದು ಹೇಳುವವರು ಆಗ ಯಾರೂ ಇರಲಿಲ್ಲ, ಹಾಗಾಗಿ ಸೂರಿನಡಿ ಸಾಲಾಗಿ ಇಟ್ಟೆವು. ಮೇಲೆ ಕೆಂಪು ಪೈಂಟಿನಲ್ಲಿ ವಿಷ ಎಂದು ಬರೆಸಲು ಹೋದರೆ ಯಜಮಾನರು ಒಪ್ಪಲಿಲ್ಲ. ಶರಣರ ಮನೆಯಲ್ಲಿ ಆ ಮಾತು ಬರೆಯಬಾರದಂತೆ, ದಯವಿಟ್ಟು ಮುಟ್ಟಬೇಡಿ ಎಂದು ಬರೆಸು ಎಂದರು. ದಯವಿಟ್ಟು ಎಂದರೆ ಜನ ಮುಟ್ಟಿಯೇ ನೋಡುತ್ತಾರೆ ಎಂದು ನಾನು ವಾದಿಸಿದೆ. ಕೊನೆಗೆ ಎರಡನ್ನೂ ಬರೆಸಿದೆವು.

ಅವರಿಗೆ ಇನ್ನೊಂದು ತೊಡಕು ಉಳಿದಿತ್ತು. ಸುಣ್ಣ ಹಾಕಿ ಶುದ್ಧವಾದರೂ ಕರಡಿಗೆಯ ನೀರು ಕೊನೆಗೆ ಹೋಗುವುದು ಚರಂಡಿಗೇ. ಒಂದು ಸಂಜೆ ತಾಯಿಯನ್ನು ಸುಮ್ಮನೆ ಕೇಳುವವರ ಹಾಗೆ ಕೇಳಿದರು. ಅಜ್ಜಿ ಮಗನನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು.

"ಲಿಂಗ ಕೂತ ಮೇಲೆ ಅದು ಕರಡಿಗೆ. ಕೂರೋ ತನಕ ಹಿತ್ತಾಳೆ. ಹಿತ್ತಾಳೆ ತೊಳೆದ ನೀರಿಗೆ ಅದೆಂಥಾ ಮಡಿ ಐತೆ?"

ಇಷ್ಟು ವರ್ಷದ ಗಂಟು ಇಷ್ಟು ಸಲೀಸಾಗಿ ಬಿಚ್ಚಿದ್ದು ನೋಡಿ ಯಜಮಾನರು ಬೆಪ್ಪಾದರು.

ಅಜ್ಜಿ ಅಲ್ಲಿಯವರೆಗೆ ಶೆಡ್ಡಿನೊಳಗೆ ಕಾಲಿಟ್ಟವರಲ್ಲ. ಆಮೇಲೆ ದಿನವೂ ಬಂದು ಬಾಗಿಲಲ್ಲಿ ಮಣೆ ಹಾಕಿ ಕೂರತೊಡಗಿದರು. "ಸುಣ್ಣ ಬಿತ್ತೇನು? ಪುಡಿ ಬಿತ್ತೇನು? ಕದಡೋ ಇನ್ನೂ, ಮೈ ಬಗ್ಗಿಸಿ ಕದಡು." ಫಾರಂ ಕಳಿಸಿದ ಸರ್ಕಾರದವರು ಬಂದು ನೋಡಿದ್ದು ಒಂದೇ ಸಲ, ಅದೂ ಕಾಫಿ ಕುಡಿಯುವಷ್ಟು ಹೊತ್ತು. ಅಜ್ಜಿಯ ಇನ್‌ಸ್ಪೆಕ್ಷನ್ನು ಮಾತ್ರ ಭಾನುವಾರವೂ ತಪ್ಪುತ್ತಿರಲಿಲ್ಲ. ಬೈಗುಳವೆಲ್ಲ ಮೇಸ್ತ್ರಿಗೆ. "ನಿನ್ನಿಂದ ನನ್ನ ಬಾವಿ ಹೋಯ್ತು, ನನ್ನ ಪತ್ರೆ ಗಿಡ ಹೋಯ್ತು" ಎಂದು ಯಜಮಾನರು ಪಕ್ಕದಲ್ಲಿ ನಿಂತಿರುವಾಗಲೇ ಶುರು ಮಾಡುತ್ತಿದ್ದರು. ಯಜಮಾನರು ನೆಲ ನೋಡುತ್ತಿದ್ದರು. ಮೇಸ್ತ್ರಿ ನನ್ನ ಹತ್ತಿರ ಬಂದು, "ಯಜಮಾನ್ರ ಮರ್ಯಾದೆ ಅಂತ ಸುಮ್ನಿದೀನಿ ಕಣಮ್ಮ. ಆದ್ರೆ ದಿನಾ ಬೈಸ್ಕೊಂಡು ಬೈಸ್ಕೊಂಡು, ನಾನೇ ಸುರಿದಿದ್ನೇನೋ ಅಂತ ನಂಗೇ ಅನುಮಾನ ಬಂದ್ಬಿಟ್ಟೈತೆ" ಎನ್ನುತ್ತಿದ್ದ.

ಗಿಡ ಉಳಿಯಲಿಲ್ಲ. ಬಾವಿಯನ್ನು ಮೂರು ಸಲ ಪಂಪು ಹಾಕಿ ಖಾಲಿ ಮಾಡಿದೆವು. ಆ ನೀರನ್ನೂ ಸಿಮೆಂಟು ತೊಟ್ಟಿಗೆ ಬಿಟ್ಟು, ಸುಣ್ಣ, ಪುಡಿ ಹಾಕಿ, ಪರೀಕ್ಷೆ ಮಾಡಿಯೇ ಆಚೆ ಬಿಟ್ಟೆವು. ಹೊಸ ನೀರು ಊರಿದ ಮೇಲೆ ದಿನವೂ ಪರೀಕ್ಷೆ ಮಾಡಿದೆ. ನೀಲಿಯೂ ಇಲ್ಲ, ಹಸಿರೂ ಇಲ್ಲ. ನನ್ನ ಕಣ್ಣನ್ನೇ ನಂಬಲಾಗದೆ ಒಂದು ಬಾಟಲಿಯನ್ನು ಕಾಲೇಜಿಗೆ ಕೊಂಡುಹೋಗಿ ನನ್ನ ಮೇಷ್ಟರ ಮುಂದೆ ಇಟ್ಟೆ. ಅವರು ತಮ್ಮ ರೀತಿಯಲ್ಲಿ ಎರಡು ಬಗೆಯಾಗಿ ನೋಡಿ, ಏನೂ ಇಲ್ಲ ಎಂದು ಚೀಟಿ ಬರೆದುಕೊಟ್ಟರು. ಅಷ್ಟು ಹೊತ್ತಿಗೆ ನಾನು ಬಿಂದಿಗೆ ಹೊರಲು ಶುರು ಮಾಡಿ ಒಂದೂವರೆ ತಿಂಗಳಾಗಿತ್ತು.

ಚೀಟಿ ತಂದ ದಿನ ಬೆಳಿಗ್ಗೆಯೇ ಅಜ್ಜಿ ಸ್ನಾನ ಮಾಡಿ ಬಾವಿಕಟ್ಟೆ ಹತ್ತಿದರು. ರಾಟೆಗೆ ಹೊಸ ಹಗ್ಗ ಹಾಕಿಸಿದ್ದರು. ತಾವೇ ಸೇದಿ, ಪೂಜೆಯ ತಾಮ್ರದ ತಂಬಿಗೆಗೆ ಬಗ್ಗಿಸಿಕೊಂಡರು. ಯಜಮಾನರೂ ನಾನೂ ಕೆಳಗೆ ನಿಂತಿದ್ದೆವು. ತಂಬಿಗೆ ಮೇಲೆದ್ದಿತು, ನನ್ನ ಧೈರ್ಯ ಕೈಕೊಟ್ಟಿತು.

"ಅಜ್ಜಿ, ಒಂದ್ನಿಮಿಷ. ಇನ್ನೊಂದ್ಸಲ ನೋಡ್ಬಿಡ್ತೀನಿ."

"ಎಷ್ಟು ಸಲ ನೋಡ್ತೀಯವ್ವ? ಚೀಟಿ ತಂದೀಯಲ್ಲ?"

ಅಷ್ಟರಲ್ಲಿ ಯಜಮಾನರು ಎರಡೇ ಹೆಜ್ಜೆಗೆ ಕಟ್ಟೆ ಹತ್ತಿ, ತಾಯಿಯ ಕೈಯಿಂದ ತಂಬಿಗೆ ಕಸಿದು, ಗಟಗಟ ಕುಡಿದುಬಿಟ್ಟರು. ಎತ್ತಿ ಸುರಿದುಕೊಳ್ಳಲಿಲ್ಲ, ಕಚ್ಚಿಯೇ ಕುಡಿದರು. ಪೂಜೆಯ ತಂಬಿಗೆ ಎಂಜಲಾಯಿತು. ಇಸ್ತ್ರಿ ಅಂಗಿಯ ಮುಂಭಾಗವೆಲ್ಲ ನೀರು.

ಅಜ್ಜಿ ಸಿಡಿದೇಳುತ್ತಾರೆ ಎಂದುಕೊಂಡೆ. ಅವರು ಖಾಲಿ ಕೈಯನ್ನು ಹಾಗೇ ಹಿಡಿದುಕೊಂಡು, "ಆಯ್ತು ಬಿಡು. ನಾಳೆ ಬೆಳಿಗ್ಗೆ ನೀನು ಎದ್ರೆ ನಾನು ಕುಡೀತೀನಿ" ಎಂದರು.

"ಅಷ್ಟು ಹೊತ್ತು ಬೇಡ ಅಜ್ಜಿ, ಆಗೋದಿದ್ರೆ ಐದು ನಿಮಿಷ ಸಾಕು" ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಮೂವರೂ ಬಾವಿಕಟ್ಟೆಯ ಮೇಲೆ ಕೂತೆವು. ನಾನು ಯಜಮಾನರ ಉಸಿರಾಟವನ್ನೇ ನೋಡುತ್ತಿದ್ದೆ. ಅವರ ನಿಟ್ಟುಸಿರಿನಿಂದ ಅಷ್ಟು ಸಮಾಧಾನ ನನಗೆ ಯಾವತ್ತೂ ಆಗಿರಲಿಲ್ಲ. ಬಿಟ್ಟರು, ಮತ್ತೊಂದು ಬಿಟ್ಟರು. ಆಮೇಲೆ ತಲೆ ಎತ್ತದೆ ಹೇಳಿದರು.

"ಅವ್ವಾ, ಆ ನೀರು ಗಿಡಕ್ಕೆ ಹಾಕಿದ್ದು ಮೇಸ್ತ್ರಿ ಅಲ್ಲ. ನಾನು."

"ಗೊತ್ತು ಕಣೋ" ಎಂದರು ಅಜ್ಜಿ. "ಮೇಸ್ತ್ರಿನ ಬೈದದ್ದು ಯಾತಕ್ಕೆ ಅಂದ್ಕೊಂಡಿ? ನಿನ್ನ ಕಿವಿಗೆ ಬೀಳ್ಲಿ ಅಂತ."

ಯಜಮಾನರು ಕಣ್ಣು ಒರೆಸಿಕೊಂಡರು. ಅಜ್ಜಿ ಗಿಡವಿದ್ದ ಜಾಗದ ಕಡೆ ನೋಡುತ್ತಿದ್ದರು. ದೊಡ್ಡ ದನಿ ಎಲ್ಲೋ ಹೋಗಿತ್ತು.

"ನೀನು ಕಣ್ಮುಚ್ಚಿ, ಕೈಮುಗಿದು ಸುರಿಯೋದನ್ನ ದಿನಾ ಇಲ್ಲೇ ನಿಂತು ನೋಡ್ತಿದ್ದೆ. ಎಷ್ಟು ಭಕ್ತಿ ಐತೆ ನನ್ನ ಮಗನಿಗೆ ಅಂತ ಹಿಗ್ಗತಿದ್ದೆ. ಒಂದಿನಾನೂ ಅದೇನು ನೀರು ಅಂತ ಕೇಳ್ಲಿಲ್ಲ ನೋಡು ನಾನು."

ಅಜ್ಜಿ ಎದ್ದು ಮಗನ ಕೈಯಿಂದ ತಂಬಿಗೆ ತೆಗೆದುಕೊಂಡು, ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದರು. ಮತ್ತೆ ಹಗ್ಗ ಬಿಟ್ಟು ಸೇದಿದರು, ತಂಬಿಗೆಗೆ ಬಗ್ಗಿಸಿಕೊಂಡು ಕುಡಿದರು. ಐದು ನಿಮಿಷ ಆಗಿತ್ತೋ ಇಲ್ಲವೋ, ನಾವ್ಯಾರೂ ಗಡಿಯಾರ ನೋಡಿರಲಿಲ್ಲ.